ಹಳೇ ಕಾರಿಗೆ ಹಾಕುವ ದುಡ್ಡು ದಂಡವೇ?

2025ರ ಆಗಸ್ಟ್, ಸೆಪ್ಟೆಂಬರ್ ಎರಡೇ ತಿಂಗಳಲ್ಲಿ ಹಳೇ ಕಾರು ಇಟ್ಟುಕೊಂಡವರ ಲೆಕ್ಕ ಎರಡು ಸಲ ಅಲ್ಲಾಡಿತು. ಮೊದಲು ಕೇಂದ್ರ ಸಾರಿಗೆ ಸಚಿವಾಲಯ, 20 ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣ ಶುಲ್ಕವನ್ನು 5,000ದಿಂದ 10,000 ರೂಪಾಯಿಗೆ ಏರಿಸಿತು. ಅದರ ಬೆನ್ನಿಗೇ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು, ಮೇಲಿದ್ದ ಸೆಸ್ಸೂ ಹೋಯಿತು. ಹಳೆಯದನ್ನು ಸಾಕುವ ಖರ್ಚು ಹೆಚ್ಚಾಯಿತು, ಹೊಸದರ ಬೆಲೆ ಕಡಿಮೆಯಾಯಿತು. ಇನ್ನು ಯೋಚನೆ ಮಾಡುವುದೇನಿದೆ, ಕೊಟ್ಟು ಹೊಸದು ತಗೊಳ್ಳಿ ಎಂದು ಶೋರೂಮಿನವರೂ ಹೇಳಿದರು, ನೆಂಟರೂ ಹೇಳಿದರು. ಯೋಚನೆ ಮಾಡುವುದು ಸಾಕಷ್ಟಿದೆ ಎಂಬುದೇ ಈ ಲೇಖನದ ವಾದ.

"ಇದಕ್ಕಿನ್ನೂ ದುಡ್ಡು ಸುರಿಯೋದು ಬೇಡ, ಕೊಟ್ಟುಬಿಡೋಣ" ಎಂಬ ಮಾತು ಮನೆಯಲ್ಲಿ ಹುಟ್ಟುವುದು ಸಾಮಾನ್ಯವಾಗಿ ಗ್ಯಾರೇಜಿನ ಎಸ್ಟಿಮೇಟ್ ವಾಟ್ಸ್‌ಆ್ಯಪಿಗೆ ಬಂದ ದಿನ. 2012ರ ಒಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್ ಎಂದಿಟ್ಟುಕೊಳ್ಳಿ. ಕ್ಲಚ್ ಸೆಟ್, ಮುಂದಿನ ಎರಡು ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್, ಎಸಿ ಕಂಪ್ರೆಸರ್, ನಾಲ್ಕು ಟೈರು. ಎಲ್ಲ ಸೇರಿ 65,000 ರೂಪಾಯಿ. ಕಾರನ್ನು ಎಕ್ಸ್‌ಚೇಂಜಿಗೆ ಕೊಟ್ಟರೆ 1.2 ಲಕ್ಷ ಬರುತ್ತದೆ. ಕಾರಿನ ಬೆಲೆಯ ಅರ್ಧಕ್ಕಿಂತ ಹೆಚ್ಚು ದುಡ್ಡನ್ನು ಅದರ ರಿಪೇರಿಗೇ ಹಾಕುವುದೇ? ಕೇಳಿದವರಿಗೆಲ್ಲ ಇದು ದಡ್ಡತನ ಅನ್ನಿಸುತ್ತದೆ.

ಆದರೆ ಇಲ್ಲಿ ಹೋಲಿಸುತ್ತಿರುವ ಎರಡು ಅಂಕಿಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. 1.2 ಲಕ್ಷ ಎಂಬುದು ಮಾರುವವನಿಗೆ ಬೇಕಾದ ಅಂಕಿ. ಮನೆಗೆ ಕಾರು ಬೇಕೇ ಬೇಕು ಎಂದಾದರೆ, ಇದನ್ನು ಬಿಟ್ಟು ಬೇರೆ ಕಾರಿನಲ್ಲಿ ಓಡಾಡಲು ವರ್ಷಕ್ಕೆ ಎಷ್ಟು ಬೀಳುತ್ತದೆ, ಇದರಲ್ಲೇ ಓಡಾಡಿದರೆ ಎಷ್ಟು ಬೀಳುತ್ತದೆ ಎಂಬುದನ್ನು ನೋಡಬೇಕು. ಆ ಲೆಕ್ಕ ಹಾಕಿ ನೋಡೋಣ.

ಶೋರೂಂ ದರ 8 ಲಕ್ಷದ ಹೊಸ ಪೆಟ್ರೋಲ್ ಕಾರು. ಕರ್ನಾಟಕದಲ್ಲಿ 5ರಿಂದ 10 ಲಕ್ಷದವರೆಗಿನ ಕಾರಿಗೆ ಜೀವಾವಧಿ ತೆರಿಗೆ ಶೇ 14. ಅಂದರೆ 1,12,000. ಆ ತೆರಿಗೆಯ ಮೇಲೆ ಶೇ 11 ಸೆಸ್ ಬೇರೆ, 12,320. ಒಟ್ಟು 1,24,320 ರೂಪಾಯಿ ಗಾಡಿ ರಸ್ತೆಗೆ ಇಳಿಯುವ ಮೊದಲೇ ಸರ್ಕಾರಕ್ಕೆ ಹೋಯಿತು. ದೇಶದಲ್ಲಿ ಅತಿ ಹೆಚ್ಚು ವಾಹನ ತೆರಿಗೆ ಕಟ್ಟುವವರ ಸಾಲಿನಲ್ಲಿ ನಾವಿದ್ದೇವೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು, 1,000ದಿಂದ 1,500 ಸಿಸಿ ಕಾರಿಗೆ ಅದು 10,640. ಮೇಲೆ ಸ್ವಂತ ಹಾನಿಯ ವಿಮೆ. ಎಲ್ಲ ಸೇರಿ ಆನ್-ರೋಡ್ 9.65 ಲಕ್ಷದ ಆಸುಪಾಸು. ಐದು ವರ್ಷ ಓಡಿಸಿ ಮಾರಿದಾಗ 4.5 ಲಕ್ಷ ಬಂತು ಎಂದರೆ ಕರಗಿದ್ದು 5.15 ಲಕ್ಷ, ವರ್ಷಕ್ಕೆ 1 ಲಕ್ಷದ ಮೇಲೆ. 7 ಲಕ್ಷ ಸಾಲ ಮಾಡಿದ್ದರೆ, ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಇಎಂಐ ಸುಮಾರು 14,530. ಬಡ್ಡಿಯೇ 1.72 ಲಕ್ಷ, ವರ್ಷಕ್ಕೆ 34,000. ಎರಡನೇ ವರ್ಷದಿಂದ ಕಟ್ಟುವ ವಿಮೆ, ಸರ್ವಿಸ್ ಸೇರಿಸಿದರೆ ಹೊಸ ಕಾರು ವರ್ಷಕ್ಕೆ ಒಂದೂವರೆ ಲಕ್ಷ ತಿನ್ನುತ್ತದೆ. ಇದರಲ್ಲಿ ಪೆಟ್ರೋಲ್ ಸೇರಿಲ್ಲ.

ಹಳೇ ಕಾರಿಗೆ ಈಗ 65,000 ಹಾಕಿ, ಮುಂದೆ ಪ್ರತಿ ವರ್ಷ 30,000 ರಿಪೇರಿಗೇ ಎಂದು ಎತ್ತಿಡಿ. ಐದು ವರ್ಷಕ್ಕೆ 2.15 ಲಕ್ಷ. ಈಗಿನ 1.2 ಲಕ್ಷದ ಬೆಲೆ ಆಗ 40,000ಕ್ಕೆ ಇಳಿದಿರುತ್ತದೆ ಎನ್ನಿ, ಅಲ್ಲಿ 80,000 ಹೋಯಿತು. ವಿಮೆ, ನೋಂದಣಿ ನವೀಕರಣ ಸೇರಿಸಿದರೂ ವರ್ಷಕ್ಕೆ 65,000 ದಾಟುವುದು ಕಷ್ಟ. ಮೈಲೇಜಿನ ನಷ್ಟವನ್ನೂ ಹಿಡಿಯೋಣ. ವರ್ಷಕ್ಕೆ 8,000 ಕಿ.ಮೀ. ಓಡಿಸುವವರಿಗೆ, ಹಳೆಯದು ಲೀಟರಿಗೆ 14, ಹೊಸದು 19 ಕೊಟ್ಟರೆ, ವರ್ಷಕ್ಕೆ 150 ಲೀಟರ್ ಹೆಚ್ಚು ಬೇಕು. ಅಂದರೆ 15,000 ರೂಪಾಯಿ. ಎಲ್ಲ ಕೂಡಿಸಿದರೂ 80,000. ಹೊಸದರ ಒಂದೂವರೆ ಲಕ್ಷದ ಮುಂದೆ ಇದು ಹತ್ತಿರ ಹತ್ತಿರ ಅರ್ಧ.

ಈ ಅಂಕಿಗಳನ್ನು ನಿಮ್ಮ ಕಾರಿಗೆ ತಕ್ಕಂತೆ ಬದಲಿಸಿಕೊಳ್ಳಿ, ಆದರೆ ಲೆಕ್ಕದ ದಾರಿ ಇದೇ. ನಮ್ಮ ಮನಸ್ಸು ಈ ದಾರಿಯಲ್ಲಿ ಹೋಗುವುದಿಲ್ಲ ಎಂಬುದೇ ತೊಂದರೆ. 65,000ವನ್ನು ಒಂದೇ ಸಲ ಗ್ಯಾರೇಜಿಗೆ ಎಣಿಸಿ ಕೊಡುವಾಗ ಹೊಟ್ಟೆ ಉರಿಯುತ್ತದೆ. ಅದು ನಾಲ್ಕೂವರೆ ತಿಂಗಳ ಇಎಂಐ ಅಷ್ಟೇ. ಇಎಂಐ ಐದನೇ ತಾರೀಕು ಸದ್ದಿಲ್ಲದೆ ಹೋಗುತ್ತದೆ, ಬ್ಯಾಂಕಿನ ಮೆಸೇಜನ್ನು ಯಾರೂ ತೆರೆದು ನೋಡುವುದಿಲ್ಲ. ರಿಪೇರಿಗೆ ಹೋದದ್ದನ್ನು ದಂಡ ಎನ್ನುತ್ತೇವೆ, ಕಂತಿಗೆ ಹೋದದ್ದನ್ನು ಖರ್ಚು ಎಂದೂ ಎಣಿಸುವುದಿಲ್ಲ.

ಜಿಎಸ್‌ಟಿ ಇಳಿದದ್ದೂ ಹೊಸ ಕಾರಿನವರಿಗೆ ಮಾತ್ರ ಸಿಕ್ಕ ಲಾಭವಲ್ಲ. ಸಣ್ಣ ಪೆಟ್ರೋಲ್ ಕಾರಿನ ಮೇಲೆ ಸೆಸ್ ಸೇರಿ ಶೇ 29 ಇದ್ದದ್ದು 18 ಆದಾಗ ಶೋರೂಂ ದರ ಸುಮಾರು ಶೇ 8.5 ಇಳಿಯಬೇಕು. ಅದೇ ದಿನದಿಂದ ಬಿಡಿಭಾಗಗಳೆಲ್ಲಕ್ಕೂ ಶೇ 18ರ ಒಂದೇ ದರ ಬಂತು. ಮೊದಲು ಹಲವಕ್ಕೆ 28 ಇತ್ತು. 40,000 ಮೂಲಬೆಲೆಯ ಪಾರ್ಟುಗಳಿಗೆ 4,000 ಉಳಿಯಿತು. ಶೋರೂಮಿನ ಜಾಹೀರಾತಿನಲ್ಲಿ ಈ ಸಾಲು ಬರುವುದಿಲ್ಲ, ಬರಬೇಕೆಂದು ಕೇಳುವುದೂ ಅನ್ಯಾಯ. ಇಲ್ಲೇ ಇನ್ನೊಂದು ಮಾತು: ಹೊಸದನ್ನೇ ಕೊಳ್ಳುವವರು 10 ಲಕ್ಷದ ಗೆರೆಯ ಮೇಲೆ ಕಣ್ಣಿಡಿ. ಅದನ್ನು ದಾಟಿದರೆ ಇಡೀ ಬೆಲೆಗೆ ತೆರಿಗೆ ಶೇ 17. 10 ಲಕ್ಷದ ಕಾರಿಗೆ ಸೆಸ್ ಸೇರಿ 1.55 ಲಕ್ಷ, 10.1 ಲಕ್ಷದ್ದಕ್ಕೆ 1.9 ಲಕ್ಷ. ಹತ್ತು ಸಾವಿರದ ಅಲಾಯ್ ವೀಲ್ ಆಸೆಗೆ ಮೂವತ್ತೈದು ಸಾವಿರ ತೆರಿಗೆ ಕಟ್ಟಿದ ಹಾಗಾಗುತ್ತದೆ.

ಹಾಗಾದರೆ ಎಲ್ಲ ಹಳೇ ಕಾರನ್ನೂ ರಿಪೇರಿ ಮಾಡಿಸುತ್ತಲೇ ಇರಬೇಕೇ? ಇಲ್ಲ. ಮೇಲಿನ ಲೆಕ್ಕ ನಿಂತಿರುವುದು ವರ್ಷಕ್ಕೆ 30,000ದಲ್ಲಿ ಕಾರು ನಡೆಯುತ್ತದೆ ಎಂಬ ನಂಬಿಕೆಯ ಮೇಲೆ. ಆ ನಂಬಿಕೆ ನಿಮ್ಮ ಕಾರಿಗೆ ಸಲ್ಲುತ್ತದೆಯೇ ಎಂಬುದು ಎಸ್ಟಿಮೇಟಿನ ಮೊತ್ತ ನೋಡಿದರೆ ತಿಳಿಯುವುದಿಲ್ಲ, ಅದರಲ್ಲಿರುವ ಐಟಂಗಳನ್ನು ನೋಡಬೇಕು. ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಸಸ್ಪೆನ್ಷನ್ ಬುಷ್ ಇವೆಲ್ಲ ಸವೆಯುವುದಕ್ಕೇ ಇರುವಂಥವು. ಹೊಸ ಕಾರಿಗೂ ನಾಲ್ಕೈದು ವರ್ಷಕ್ಕೆ ಇವನ್ನು ಹಾಕಿಸಲೇಬೇಕು. ಇವುಗಳಿಂದ ತುಂಬಿದ ಎಸ್ಟಿಮೇಟ್ ಎಷ್ಟೇ ದೊಡ್ಡದಿರಲಿ, ಅದು ಮುಪ್ಪಿನ ಲಕ್ಷಣವಲ್ಲ, ಬಾಕಿ ಉಳಿದ ಕೆಲಸ. ನಿಜವಾದ ಮುಪ್ಪು ಕಾಣುವುದು ಬಾಡಿಯಲ್ಲಿ, ಎಂಜಿನ್ನಿನ ಒಳಗೆ, ಗೇರ್‌ಬಾಕ್ಸಿನಲ್ಲಿ, ವೈರಿಂಗಿನಲ್ಲಿ. ಅವುಗಳಲ್ಲೂ ಬಾಡಿಯೇ ಮೊದಲು ಎಂದು ನನ್ನ ಅಭಿಪ್ರಾಯ.

ಬಾಡಿಗೆ ಹಿಡಿಯುವ ತುಕ್ಕು ಬೆಂಗಳೂರು, ಮೈಸೂರಿನವರಿಗೆ ಅಷ್ಟಾಗಿ ತಟ್ಟುವುದಿಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಕರಾವಳಿಯ ಯಾವ ಗ್ಯಾರೇಜಿಗೆ ಹೋದರೂ ಮೆಕ್ಯಾನಿಕ್ ಮೊದಲು ಬಾನೆಟ್ ಎತ್ತುವುದಿಲ್ಲ. ಗಾಡಿಯನ್ನು ರ್‍ಯಾಂಪ್ ಮೇಲೆ ಹತ್ತಿಸಿ ಟಾರ್ಚ್ ಹಿಡಿದು ಕೆಳಗೆ ಹೋಗುತ್ತಾನೆ. ಕುಂದಾಪುರದ ಕಡೆಯ ಒಂದು ಗ್ಯಾರೇಜಿನಲ್ಲಿ ನಾನು ನೋಡಿದ್ದು ಹೀಗೆ: ಹೊರಗಿನಿಂದ ಫಳಫಳ ಹೊಳೆಯುತ್ತಿದ್ದ ಬಿಳಿ ಕಾರು. ಬಾಗಿಲ ಕೆಳಗಿನ ಪಟ್ಟಿಯ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಆತ ಟಕಟಕ ಬಡಿಯುತ್ತ ಬಂದ. ಮುಂದಿನ ಅರ್ಧದಲ್ಲಿ ತಗಡಿನ ಗಟ್ಟಿ ಸದ್ದು, ಹಿಂದಿನ ಚಕ್ರದ ಹತ್ತಿರ ಬಂದಾಗ ಸದ್ದು ಮಂಕಾಯಿತು. ಸ್ಕ್ರೂಡ್ರೈವರ್ ತಿರುಗಿಸಿ ತುದಿಯನ್ನು ಸ್ವಲ್ಪ ಒತ್ತಿದ, ಬಣ್ಣದ ಪದರ ಬಿರಿದು ತುದಿ ಒಳಗೆ ಹೋಯಿತು. ಕಂದು ಪುಡಿ ಅಂಗೈ ಮೇಲೆ ಉದುರಿತು. "ಎಂಜಿನ್ ಇನ್ನೂ ಲಕ್ಷ ಕಿಲೋಮೀಟರ್ ಓಡ್ತದೆ ಮಾರಾಯ್ರೆ, ಆದ್ರೆ ಅದನ್ನ ಹೊತ್ತುಕೊಳ್ಳೋಕೆ ಗಾಡಿ ಇಲ್ಲ" ಎಂದ. ಗೆದ್ದಲು ತಿಂದ ತೊಲೆಗೆ ಸುಣ್ಣ ಬಳಿದ ಹಾಗಿತ್ತು ಆ ಕಾರು.

ಇಂದಿನ ಬಹುತೇಕ ಕಾರುಗಳಿಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇರುವುದಿಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಕಂಬಗಳು, ಮುಂದಿನ ಎರಡು ಉದ್ದನೆಯ ತೊಲೆಗಳು ಎಲ್ಲವನ್ನೂ ಸೇರಿಸಿ ಬೆಸೆದ ಪೆಟ್ಟಿಗೆಯೇ ಕಾರಿನ ಎಲುಬು. ಬಾಗಿಲಿನ ಅಂಚಿನಲ್ಲೋ ಡಿಕ್ಕಿಯ ಮುಚ್ಚಳದಲ್ಲೋ ತುಕ್ಕು ಬಂದರೆ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಬಹುದು. ಸಸ್ಪೆನ್ಷನ್ ಬೋಲ್ಟ್ ಕೂರುವ ಜಾಗ, ಸೀಟ್ ಬೆಲ್ಟಿನ ಬುಡ, ಕೆಳಗಿನ ಪಟ್ಟಿ ತುಕ್ಕು ಹಿಡಿದಿದ್ದರೆ ಅಲ್ಲಿ ತೇಪೆ ಹಾಕಿಸುವುದಕ್ಕೆ ಅರ್ಥವಿಲ್ಲ. ಅಪಘಾತದಲ್ಲಿ ಪೆಟ್ಟನ್ನು ಹೀರಬೇಕಾದದ್ದೇ ಆ ಭಾಗ. ಹಾಗಾಗಿ ಎಂಜಿನ್ ಕೆಲಸಕ್ಕೆ ದುಡ್ಡು ಕೊಡುವ ಮೊದಲು ಗಾಡಿಯ ಹೊಟ್ಟೆಯನ್ನು ನೀವೇ ಒಮ್ಮೆ ಬಗ್ಗಿ ನೋಡಿ. ಮಲೆನಾಡಿನ ಕೆಸರಿನಲ್ಲಿ ಓಡಾಡಿದ ಕಾರಿಗೂ ಇದೇ ಮಾತು. ಕೆಸರು ಚಕ್ರದ ಗೂಡಿನಲ್ಲಿ ಕೂತು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ.

ಎಂಜಿನ್ನಿನ ವಿಷಯ ಇದಕ್ಕಿಂತ ಸುಲಭ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದೆಯೇ, ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಟ್ಟಿದೆಯೇ, ಕೂಲಂಟ್ ಸೋರಿಕೆ ಕಾಣದಿದ್ದರೂ ಕಡಿಮೆಯಾಗುತ್ತಿದೆಯೇ? ಮೊದಲನೆಯದು ರಿಂಗ್ ಅಥವಾ ವಾಲ್ವ್ ಸೀಲ್ ಸವೆದ ಸೂಚನೆ, ಉಳಿದೆರಡು ಎಂಜಿನ್ನಿನೊಳಗೆ ಆಯಿಲ್, ಕೂಲಂಟ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ಟಿನ ಕಡೆ ಬೊಟ್ಟು ಮಾಡುತ್ತವೆ. ಇವು ಇಲ್ಲದಿದ್ದರೆ ನಾಲ್ಕು ಸಿಲಿಂಡರಿನ ಸಾಧಾರಣ ಪೆಟ್ರೋಲ್ ಎಂಜಿನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹಳೇ ಡೀಸೆಲ್ ಹಾಗಲ್ಲ. ಇಂಜೆಕ್ಟರ್, ಹೈ ಪ್ರೆಶರ್ ಪಂಪ್, ಟರ್ಬೊ ಈ ಮೂರರಲ್ಲಿ ಎರಡು ಕೈಕೊಟ್ಟರೆ ನನ್ನ ಮೇಲಿನ ಲೆಕ್ಕವೆಲ್ಲ ಒಂದೇ ಬಿಲ್ಲಿನಲ್ಲಿ ಮುಳುಗಿಹೋಗುತ್ತದೆ.

ಪಾರ್ಟು ಸಿಗುತ್ತದೆಯೇ ಎಂಬುದು ವಯಸ್ಸಿಗಿಂತ ದೊಡ್ಡ ಪ್ರಶ್ನೆ. ಮಾರುತಿ 800ರ ಉತ್ಪಾದನೆ 2014ರಲ್ಲೇ ನಿಂತರೂ ಅದರ ಸಾಮಾನು ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತದೆ. ಫಿಯಟ್‌ನ 1.3 ಮಲ್ಟಿಜೆಟ್ ಡೀಸೆಲ್ ಎಂಜಿನ್ ಸ್ವಿಫ್ಟ್, ಡಿಸೈರ್, ರಿಟ್ಜ್, ಇಂಡಿಕಾ ವಿಸ್ತಾ, ಪುಂಟೊ ಹೀಗೆ ಹಲವು ಕಂಪನಿಗಳ ಕಾರಿನಲ್ಲಿ ಕೂತಿದ್ದರಿಂದ ಅದನ್ನು ಬಿಚ್ಚಿ ಕಟ್ಟಬಲ್ಲವರು ಊರೂರಿಗೆ ಇದ್ದಾರೆ. ಜನರಲ್ ಮೋಟಾರ್ಸ್ 2017ರ ಕೊನೆಗೆ ಷೆವರ್ಲೆ ಮಾರಾಟ ನಿಲ್ಲಿಸಿತು, ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿನ ತಯಾರಿಕೆ ಮುಚ್ಚುವುದಾಗಿ ಪ್ರಕಟಿಸಿತು. ಇಂಥ ಕಾರುಗಳಿಗೆ ಫಿಲ್ಟರ್, ಬ್ರೇಕ್ ಪ್ಯಾಡ್ ಸಿಗುವುದು ಕಷ್ಟವಲ್ಲ. ಹೆಡ್‌ಲೈಟ್, ಬಂಪರ್, ಎಂಜಿನ್ ಕಂಟ್ರೋಲ್ ಯೂನಿಟ್ ಬೇಕಾದಾಗ ಗಾಡಿ ಗ್ಯಾರೇಜಿನಲ್ಲೇ ಧೂಳು ತಿನ್ನುತ್ತ ನಿಲ್ಲುತ್ತದೆ. ಆಗ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಬೇಕು, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಬಿಚ್ಚಿದ ಮಾಲು ಹುಡುಕಬೇಕು. ಬ್ರೇಕ್, ಸ್ಟೀರಿಂಗಿಗೆ ಸಂಬಂಧಿಸಿದ ಯಾವುದನ್ನೂ ಗುಜರಿಯಿಂದ ತಂದು ಹಾಕಿಸಬೇಡಿ. ಉಳಿದದ್ದಕ್ಕೆ, ಕಂಪನಿಗೇ ಪಾರ್ಟು ಮಾಡಿಕೊಡುವವರು ತಮ್ಮ ಸ್ವಂತ ಡಬ್ಬಿಯಲ್ಲಿ ಮಾರುವ ಮಾಲು ಇದೆಯೇ ಎಂದು ಕೇಳಿ. ಬಹಳ ಸಲ ಒಳಗಿನ ಸಾಮಾನು ಅದೇ, ಬೆಲೆ ಮಾತ್ರ ಕಡಿಮೆ.

ಇ20 ಪೆಟ್ರೋಲ್ ಬಂದಮೇಲೆ ಹಳೇ ಕಾರಿನವರಿಗೆ ಹೊಸದೊಂದು ಚಿಂತೆ ಸೇರಿಕೊಂಡಿದೆ. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳು ಶೇ 20 ಎಥನಾಲ್‌ಗೆ ಹೊಂದುವಂತೆ ಬಂದವು, ಅದಕ್ಕಿಂತ ಹಳೆಯವು ಬಹುಮಟ್ಟಿಗೆ ಹಾಗೆ ವಿನ್ಯಾಸವಾದವಲ್ಲ. ಹಳೇ ಕಾರುಗಳಲ್ಲಿ ಮೈಲೇಜ್ ಶೇ 3ರಿಂದ 6ರಷ್ಟು ಇಳಿಯಬಹುದೆಂದೂ, ಕೆಲವು ಹಳೇ ಗಾಡಿಗಳಲ್ಲಿ 20-30 ಸಾವಿರ ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದೆಂದೂ 2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಹೇಳಿತು. ಫ್ಯೂಯೆಲ್ ಪೈಪು ಬದಲಿಸಲು ದೊಡ್ಡ ಖರ್ಚಿಲ್ಲ. ಇದೊಂದೇ ಕಾರಣಕ್ಕೆ ಕಾರು ಮಾರಬೇಕಿಲ್ಲ. ಪೆಟ್ರೋಲ್ ವಾಸನೆ ಬಂದರೆ ಮಾತ್ರ ನಾಳೆಗೆ ಬಿಡಬೇಡಿ.

ಇಷ್ಟು ಹೊತ್ತು ನಾನು ಹಳೇ ಕಾರಿನ ಪರವಾಗಿ ವಾದಿಸುತ್ತ ಬಂದೆ. ಈ ವಾದದಲ್ಲಿ ಒಂದು ದೊಡ್ಡ ತೂತಿದೆ, ಅದನ್ನು ರೂಪಾಯಿಯಲ್ಲಿ ಮುಚ್ಚಲಾಗುವುದಿಲ್ಲ.

2012ರ ಕಾರಿನ ಕೆಳದರ್ಜೆಯ ಮಾಡೆಲ್ ತೆಗೆದುಕೊಳ್ಳಿ. ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ನಮ್ಮಲ್ಲಿ ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದೇ 2019ರಲ್ಲಿ. ಪಕ್ಕದ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾಗುವಷ್ಟರಲ್ಲಿ 2022 ಬಂದಿತ್ತು. ಮುಖಾಮುಖಿ ಡಿಕ್ಕಿ ಪರೀಕ್ಷೆಯ ನಿಯಮ ಹೊಸ ಮಾಡೆಲ್‌ಗಳಿಗೆ ಬಂದದ್ದು 2017ರ ಅಕ್ಟೋಬರಿನಲ್ಲಿ, ಆಗಲೇ ಮಾರಾಟದಲ್ಲಿದ್ದವುಗಳಿಗೆ 2019ರಲ್ಲಿ. 2014ರ ಜನವರಿಯಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ ನಮ್ಮ ದೇಶದ ಐದು ಜನಪ್ರಿಯ ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾಡೆಲ್‌ಗಳನ್ನು ಗುದ್ದಿಸಿ ನೋಡಿದಾಗ, ದೊಡ್ಡವರ ರಕ್ಷಣೆಯಲ್ಲಿ ಐದಕ್ಕೆ ಐದೂ ಸೊನ್ನೆ ಸ್ಟಾರ್ ಪಡೆದವು. ಆ ಪೀಳಿಗೆಯ ಕಾರುಗಳೇ ಈಗ "ರಿಪೇರಿ ಮಾಡಿಸೋದಾ, ಮಾರೋದಾ" ಎಂಬ ವಯಸ್ಸಿಗೆ ಬಂದು ನಿಂತಿರುವುದು.

ಇದಕ್ಕೆ ರಿಪೇರಿ ಇಲ್ಲ. ಏರ್‌ಬ್ಯಾಗ್ ಇಲ್ಲದ ಕಾರಿಗೆ ಆಮೇಲೆ ಅದನ್ನು ಕೂರಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಆ ಅಂಗಡಿಯಿಂದ ಎದ್ದು ಬನ್ನಿ. ಸೆನ್ಸರ್, ಸ್ಟೀರಿಂಗ್, ಸೀಟ್ ಬೆಲ್ಟ್ ಎಲ್ಲ ಸೇರಿ ಒಂದು ವ್ಯವಸ್ಥೆಯಾಗಿ ಕಾರ್ಖಾನೆಯಲ್ಲೇ ಹೊಂದಿಸಿದ್ದರೆ ಮಾತ್ರ ಅದು ಕೆಲಸ ಮಾಡುವುದು. ಹಾಗಾಗಿ ಕಾರನ್ನು ಎಲ್ಲಿ ಓಡಿಸುತ್ತೀರಿ ಎಂಬುದು ವರ್ಷಕ್ಕೆ ಎಷ್ಟು ಕಿಲೋಮೀಟರ್ ಎಂಬುದಕ್ಕಿಂತ ಮುಖ್ಯವಾಗುತ್ತದೆ. ಜಯನಗರದಿಂದ ಮಲ್ಲೇಶ್ವರಕ್ಕೆ, ಮಾರುಕಟ್ಟೆಗೆ, ಮಕ್ಕಳ ಟ್ಯೂಷನ್‌ಗೆ ಗಂಟೆಗೆ ಇಪ್ಪತ್ತು ಕಿ.ಮೀ. ವೇಗದಲ್ಲಿ ತೆವಳುವ ಕಾರಿಗೂ, ಪ್ರತಿ ಶನಿವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹುಬ್ಬಳ್ಳಿ ಹೆದ್ದಾರಿಯಲ್ಲೋ ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲೋ ನೂರರ ವೇಗದಲ್ಲಿ ಹೋಗುವ ಕಾರಿಗೂ ಒಂದೇ ಉತ್ತರ ಕೊಡಲಾಗದು. ಎರಡನೆಯ ಮನೆಯವರಿಗೆ ನಾನು ಮೇಲಿನ 80,000-ಒಂದೂವರೆ ಲಕ್ಷದ ಲೆಕ್ಕವನ್ನು ತೋರಿಸುವುದೇ ಇಲ್ಲ. ಬದಲಿಸಿ ಎನ್ನುತ್ತೇನೆ.

ಸರ್ಕಾರದ ಅಳತೆಗೋಲು ಮಾತ್ರ ಇದಾವುದೂ ಅಲ್ಲ, ಹುಟ್ಟಿದ ತಾರೀಕು. ಖಾಸಗಿ ಕಾರಿನ ನೋಂದಣಿ 15 ವರ್ಷ, ಅದಾದಮೇಲೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟ್) ಮಾಡಿಸಿ ಆರ್‌ಸಿ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, 20 ದಾಟಿದವಕ್ಕೆ ಈಗ 10,000. ಮೇಲೆ ಸಣ್ಣ ಮೊತ್ತದ ಹಸಿರು ತೆರಿಗೆ. ತಡ ಮಾಡಿದರೆ ತಿಂಗಳಿಗೆ 500 ಸೇರುತ್ತ ಹೋಗುತ್ತದೆ. ಕೇಳಲು ದೊಡ್ಡದಾಗಿ ಕಂಡರೂ 5,000 ಎಂದರೆ ವರ್ಷಕ್ಕೆ 1,000. ಅದಕ್ಕೆ ಹೆದರಿ 8 ಲಕ್ಷದ ಕಾರು ಕೊಳ್ಳುವುದು ವಿಚಿತ್ರ. ಆದರೆ 14ನೇ ವರ್ಷದಲ್ಲಿ ದೊಡ್ಡ ರಿಪೇರಿ ಮಾಡಿಸುವ ಮೊದಲು ಮಾತ್ರ, ಈ ಗಾಡಿ ಎಫ್‌ಸಿ ಪಾಸಾಗುತ್ತದೆಯೇ ಎಂದು ಮೆಕ್ಯಾನಿಕ್ ಹತ್ತಿರ ನೇರವಾಗಿ ಕೇಳಿ. ದುಡ್ಡು ಹಾಕಿದ ವರ್ಷವೇ ನೋಂದಣಿ ಸಿಗದೆ ಹೋದರೆ ಪೂರ್ತಿ ನಷ್ಟ.

ದೆಹಲಿಯ ಸುದ್ದಿ ನೋಡಿ ಇಲ್ಲಿ ಗಾಬರಿಯಾಗುವವರಿದ್ದಾರೆ. ಅಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ವಾಹನಗಳ ನಿಷೇಧ ಹಸಿರು ನ್ಯಾಯಮಂಡಳಿಯ ಆದೇಶದಿಂದ ಬಂದದ್ದು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥ ವಾಹನಗಳಿಗೆ ಇಂಧನವನ್ನೇ ಹಾಕಬಾರದು ಎಂದು ಹೊರಟು, ಗದ್ದಲವೆದ್ದು ಕೆಲವೇ ದಿನಗಳಲ್ಲಿ ಕೈಬಿಟ್ಟರು. ಆಗಸ್ಟಿನಲ್ಲಿ ಕೋರ್ಟ್ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು, ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿಎಸ್-4 (ಹೊಗೆ ಮಾಲಿನ್ಯದ ಮಿತಿಯ ನಾಲ್ಕನೇ ಹಂತ) ಮತ್ತು ಅದರ ನಂತರದ ವಾಹನಗಳಿಗೆ ಮಾತ್ರ ಉಳಿಸಿತು. ಕರ್ನಾಟಕದಲ್ಲಿ ಖಾಸಗಿ ಕಾರಿಗೆ ಇಂಥ ವಯಸ್ಸಿನ ನಿಷೇಧ ಇಲ್ಲ. ಕೋರ್ಟ್ ಕೊನೆಗೆ ಹಿಡಿದ ದಾರಿ ಗಮನಿಸಬೇಕಾದದ್ದು: ಬರೀ ವರ್ಷ ನೋಡದೆ, ಹೊಗೆಯ ಮಾನದಂಡವನ್ನೂ ನೋಡಿತು. ನಾಳೆ ಇಲ್ಲಿಗೆ ಯಾವ ನಿಯಮ ಬಂದರೂ ಅದು ಬಿಎಸ್-3 ಗಾಡಿಯನ್ನು ಮೊದಲು ಮುಟ್ಟುತ್ತದೆ ಎಂದು ಎಣಿಸುವುದು ಜಾಣತನ. ಬೆಂಗಳೂರಿನಲ್ಲಿ ಬಿಎಸ್-4 ಬಂದದ್ದು 2010ರಲ್ಲಿ, ದೇಶಕ್ಕೆಲ್ಲ 2017ರಲ್ಲಿ.

ವಿಮೆಯ ಮೂಲೆಯಲ್ಲೂ ಒಂದು ಗುಂಡಿ ಇದೆ. ರಿಪೇರಿ ವೆಚ್ಚ ಪಾಲಿಸಿಯಲ್ಲಿ ಬರೆದ ಕಾರಿನ ಮೌಲ್ಯದ, ಅಂದರೆ ಐಡಿವಿಯ, ಶೇ 75 ದಾಟಿದರೆ ಅದು ಟೋಟಲ್ ಲಾಸ್. ಪ್ರೀಮಿಯಂ ಉಳಿಸಲು ಐಡಿವಿಯನ್ನು 80,000ಕ್ಕೆ ಇಳಿಸಿಕೊಂಡಿದ್ದರೆ 60,000ದ ಪೆಟ್ಟಿಗೇ ಕಾರು ಕಾಗದದ ಮೇಲೆ ಸತ್ತಂತೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಕಾರುಗಳು ಮುಳುಗಿದ್ದು ನೆನಪಿರಬಹುದು. ನೀರಿನಲ್ಲಿ ನಿಂತ ಕಾರಿಗೆ ಕೀ ತಿರುಗಿಸಿದರೆ ನೀರು ಸಿಲಿಂಡರಿಗೆ ಹೋಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಆ್ಯಡ್-ಆನ್ ಇಲ್ಲದ ಸಾಮಾನ್ಯ ಪಾಲಿಸಿಯಲ್ಲಿ ಇದಕ್ಕೆ ದುಡ್ಡು ಸಿಗುವುದು ಕಷ್ಟ. ಹಳೇ ಕಾರಿಗೆ ಆ ಆ್ಯಡ್-ಆನ್ ಸಿಗುವುದೂ ಕಷ್ಟ. ಎಸಿ, ವೈರಿಂಗ್, ಕಂಟ್ರೋಲ್ ಯೂನಿಟ್ ನೀರು ಕುಡಿದ ಹನ್ನೆರಡು ವರ್ಷದ ಕಾರನ್ನು ಭಾವನೆಗೆ ಕಟ್ಟುಬಿದ್ದು ಉಳಿಸಿಕೊಳ್ಳಲು ಹೋಗಬೇಡಿ. ಎಲೆಕ್ಟ್ರಿಕಲ್ ಕಾಟ ವರ್ಷ ಕಳೆದ ಮೇಲೂ ಒಂದೊಂದಾಗಿ ಏಳುತ್ತದೆ.

ಬದಲಿಸುವುದು ಎಂದ ಕೂಡಲೇ ಶೋರೂಮಿನ ಹೊಸ ಕಾರೇ ಕಣ್ಣ ಮುಂದೆ ಬರುವುದೇಕೆ ಎಂಬುದು ನನಗೆ ಬಿಡಿಸದ ಒಗಟು. 2020-21ರ, ಎರಡು ಏರ್‌ಬ್ಯಾಗ್, ಎಬಿಎಸ್ ಇರುವ, ಒಬ್ಬನೇ ಮಾಲೀಕನ ಕೈಯಲ್ಲಿದ್ದ ಬಿಎಸ್-6 ಕಾರು ಇಂದು ಧಾರಾಳವಾಗಿ ಸಿಗುತ್ತದೆ. ಬೆಲೆ ಕರಗುವ ಮೊದಲ ಐದು ವರ್ಷದ ನಷ್ಟ ಬೇರೆಯವರು ತಿಂದಾಗಿದೆ. ಅದೇ ರಾಜ್ಯದ ನೋಂದಣಿಯಾದರೆ ಜೀವಾವಧಿ ತೆರಿಗೆ ಅವರೇ ಕಟ್ಟಿದ್ದಾರೆ. ನಿಮ್ಮ ಹಳೇ ಕಾರಿನ 1.2 ಲಕ್ಷ ಮತ್ತು ರಿಪೇರಿಗೆ ಎತ್ತಿಟ್ಟ 65,000 ಸೇರಿದರೆ ಅದರ ಮೂರನೇ ಒಂದು ಭಾಗವೋ ಅರ್ಧವೋ ಕೈಯಲ್ಲೇ ಇದೆ. ಹೆದ್ದಾರಿಯಲ್ಲಿ ಓಡಾಡುವ, ಆದರೆ ದೊಡ್ಡ ಕಂತು ಬೇಡ ಎನ್ನುವ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಕೊಳ್ಳುವ ಮೊದಲು ಅಧಿಕೃತ ಸರ್ವಿಸ್ ಸೆಂಟರಿನ ಹಿಂದಿನ ದಾಖಲೆ ಕೇಳಿ ಪಡೆಯಿರಿ, ನೀರಿನಲ್ಲಿ ಮುಳುಗಿದ್ದರ ಕುರುಹಿಗೆ ಸೀಟಿನ ಕೆಳಗಿನ ಕಬ್ಬಿಣದ ಹಳಿ ಮುಟ್ಟಿ ನೋಡಿ.

ಹಳೆಯದನ್ನು ಗುಜರಿಗೆ ಹಾಕುವುದೇ ಸರಿ ಎಂದಾದರೆ, 2021ರ ಸ್ಕ್ರ್ಯಾಪ್ ನೀತಿಯಂತೆ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಡಿ. ಗಾಡಿ ಒಪ್ಪಿಸಿದ್ದಕ್ಕೆ ಅಲ್ಲಿ ಕೊಡುವ ಪ್ರಮಾಣಪತ್ರವನ್ನು (ಸರ್ಟಿಫಿಕೇಟ್ ಆಫ್ ಡಿಪಾಸಿಟ್) ತೋರಿಸಿದರೆ ಹೊಸ ಕಾರಿನ ನೋಂದಣಿ ಶುಲ್ಕ ಮಾಫಿ. ಖಾಸಗಿ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮ ಅವಕಾಶ ಕೊಡುತ್ತದೆ, ನಿಮಗೆಷ್ಟು ಎಂಬುದನ್ನು ಆರ್‌ಟಿಒದಲ್ಲಿ ವಿಚಾರಿಸಿಯೇ ಲೆಕ್ಕಕ್ಕೆ ಸೇರಿಸಿ. ಬೀದಿಯ ಗುಜರಿಯವನು ಎರಡು ಸಾವಿರ ಹೆಚ್ಚು ಕೊಟ್ಟರೂ ಆರ್‌ಸಿ ರದ್ದಾಗದೆ ಉಳಿಯುತ್ತದೆ. ಗಾಡಿ ಒಡೆದುಹಾಕಿದ 14 ದಿನದೊಳಗೆ ಅದನ್ನು ಆರ್‌ಟಿಒಗೆ ತಿಳಿಸುವುದು ಮಾಲೀಕನ ಹೊಣೆ.

ಇನ್ನೊಬ್ಬರಿಗೆ ಮಾರುವುದಾದರೆ ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಅಪಘಾತವಾದಾಗ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಸ್ಪಷ್ಟವಾಗಿ ಹೇಳಿದೆ, ನಡುವೆ ಕಾರು ನಾಲ್ಕು ಕೈ ದಾಟಿದ್ದರೂ. ಹೆಸರು ಬದಲಾದ ಆರ್‌ಸಿಯ ಪ್ರತಿ ಕಣ್ಣಾರೆ ನೋಡುವವರೆಗೆ ಕೊಳ್ಳುವವರಿಂದ ಸ್ವಲ್ಪ ಹಣ ಹಿಡಿದಿಟ್ಟುಕೊಳ್ಳಿ. ಸಾರಿಗೆ ಸಚಿವಾಲಯದ ಪರಿವಾಹನ್ ಪೋರ್ಟಲ್‌ನಲ್ಲಿ ಗಾಡಿ ನಂಬರ್ ಹಾಕಿ ಆಗಾಗ ನೋಡುತ್ತಿರಿ.